ಬ್ಯಾಡ್ಜ್ ಕೆಂಪಗಿದ್ದರೆ ಟಾಪ್ ಎಂಡ್ ಕಾರಾ? ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

"ಹಿಂದೆ ಕೆಂಪು ಅಕ್ಷರ ಇದೆ ಸಾರ್, ಟಾಪ್ ಎಂಡ್ ತಾನೇ?" "ಲೋಗೊ ಪೂರ್ತಿ ಕಪ್ಪಗಿದೆ, ಸ್ಪೆಷಲ್ ಎಡಿಷನ್ ಅಂತ ಮೂವತ್ತು ಸಾವಿರ ಜಾಸ್ತಿ ಕೇಳ್ತಿದ್ದಾರೆ, ಕೊಡಬಹುದಾ?" "ನೀಲಿ ಲೋಗೊ ಅಂದ್ರೆ ಎಲೆಕ್ಟ್ರಿಕ್ಕಾ?" ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟವರು ಫೋಟೊ ಕಳಿಸಿ ಕೇಳುವ ಪ್ರಶ್ನೆಗಳು ಸುಮಾರಾಗಿ ಇಷ್ಟೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಉತ್ತರದ ಸಾರ ಮೊದಲೇ ಹೇಳಿಬಿಡುತ್ತೇನೆ. ಬ್ಯಾಡ್ಜಿನ ಬಣ್ಣ ಹೆಚ್ಚಾಗಿ ಹೇಳುವುದು ಇಂಜಿನ್ ಯಾವುದು ಎಂದು, ಇಲ್ಲವೇ ಕಾರಿಗೆ ಯಾವ ವೇಷ ಹಾಕಿದ್ದಾರೆ ಎಂದು. ಒಳಗೆ ಏನೇನು ಸೌಲಭ್ಯ ಕೊಟ್ಟಿದ್ದಾರೆ ಎಂಬುದನ್ನು ಅದು ನೇರವಾಗಿ ಹೇಳುವುದು ಅಪರೂಪ. ಜನ ಎಡವುವುದು ಇಲ್ಲೇ.

ಮುಂದೆ ಹೋಗುವ ಮುನ್ನ ಮೂರು ಪದ. ವೇರಿಯಂಟ್ ಅಥವಾ ಟ್ರಿಮ್ ಅಂದರೆ ಸೌಲಭ್ಯಗಳ ದರ್ಜೆ: ಅದೇ ಕಾರು, ಹಲವು ಸಲ ಅದೇ ಇಂಜಿನ್, ಆದರೆ ಒಂದರಲ್ಲಿ ಅಲಾಯ್ ವೀಲ್ ಮತ್ತು ಪುಶ್ ಬಟನ್, ಇನ್ನೊಂದರಲ್ಲಿ ಉಕ್ಕಿನ ಚಕ್ರ ಮತ್ತು ಬೀಗದ ಕೈ. ಬೇಸ್ ಮಾಡೆಲ್, ಮಿಡ್, ಟಾಪ್ ಎಂಡ್ ಅಂತ ನಾವು ಕರೆಯುವುದು ಇದನ್ನೇ. ಎಡಿಷನ್ ಅಂದರೆ ಯಾವುದೋ ದರ್ಜೆಯ ಮೇಲೆ ಹೊದಿಸಿದ ವಿಶೇಷ ಬಣ್ಣ, ಸೀಟು, ಸ್ಟಿಕ್ಕರು. ಮೂರನೆಯದು ಬ್ಯಾಡ್ಜ್: ಕಾರಿನ ಮೈಮೇಲೆ ಅಂಟಿಸಿದ ಲೋಗೊ, ಹೆಸರು, ಅಕ್ಷರ ಎಲ್ಲವೂ ಇದರಲ್ಲೇ ಬಂತು.

ಜೊತೆಗೆ ಒಯ್ಯಬೇಕಾದ್ದು: ಮೊಬೈಲು, ಚಿಕ್ಕ ಟಾರ್ಚು, ಒದ್ದೆ ಬಟ್ಟೆ, ಆ ಕಾರು ತಯಾರಾದ ವರ್ಷದ ಬ್ರೋಷರ್. ಹಳೆಯ ಬ್ರೋಷರುಗಳ ಪಿಡಿಎಫ್ ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತವೆ. ವರ್ಷ ಮಾತ್ರ ತಪ್ಪಬಾರದು. ಅದೇ ಹೆಸರಿನ ದರ್ಜೆಯಲ್ಲಿ 2018ರಲ್ಲಿ ಕೊಟ್ಟದ್ದನ್ನು 2020ರಲ್ಲಿ ತೆಗೆದಿರಬಹುದು, ಹೊಸದಾಗಿ ಸೇರಿಸಿರಲೂಬಹುದು.

ಹಂತ 1: ಎಲ್ಲೆಲ್ಲಿ ಏನು ಅಂಟಿಸಿದ್ದಾರೆ, ಬೇರೆ ಮಾಡಿಕೊಳ್ಳಿ

ಕಾರಿನ ಸುತ್ತ ಒಂದು ಸುತ್ತು ಬನ್ನಿ. ಮುಂದಿನ ಗ್ರಿಲ್‌ನಲ್ಲಿರುವುದು ಕಂಪನಿಯ ಲೋಗೊ. ಡಿಕ್ಕಿ ಬಾಗಿಲ ಒಂದು ಬದಿಯಲ್ಲಿ ಕಾರಿನ ಹೆಸರು, ಇನ್ನೊಂದು ಬದಿಯಲ್ಲಿ ಇಂಜಿನ್ ಅಥವಾ ದರ್ಜೆಯ ಅಕ್ಷರ. ಮುಂದಿನ ಚಕ್ರದ ಮೇಲಿನ ತಗಡಿನಲ್ಲಿ, ಅಂದರೆ ಫೆಂಡರ್‌ನಲ್ಲಿ, ಸಾಮಾನ್ಯವಾಗಿ ಎಡಿಷನ್ ಗುರುತು. ಪ್ರತಿಯೊಂದರ ಫೋಟೊ ತೆಗೆದುಕೊಳ್ಳಿ. ಲೋಗೊದ ಬಣ್ಣ ಒಂದು ಮಾತು ಹೇಳಿದರೆ ಅಕ್ಷರದ ಬಣ್ಣ ಬೇರೆಯದೇ ಮಾತು ಹೇಳುತ್ತದೆ. ಎರಡನ್ನೂ ಕಲಸಿದರೆ ಲೆಕ್ಕ ತಪ್ಪುತ್ತದೆ.

ನಂಬರ್ ಪ್ಲೇಟಿನ ಬಣ್ಣವನ್ನು ಇದರೊಂದಿಗೆ ಸೇರಿಸಬೇಡಿ. ಅದು ಸರ್ಕಾರದ ನಿಯಮ. ಹಸಿರು ಪ್ಲೇಟು ಎಲೆಕ್ಟ್ರಿಕ್ ವಾಹನಕ್ಕೆ, ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ ಅಕ್ಷರ. ಬೇಸ್ ಮಾಡೆಲ್ಲಿಗೂ ಅದೇ ಪ್ಲೇಟು, ಟಾಪ್ ಎಂಡಿಗೂ ಅದೇ.

ಹಂತ 2: ಬಣ್ಣ ಓದುವುದು

ಜಗತ್ತಿಗೆಲ್ಲ ಒಂದೇ ನಿಯಮ ಅಂತ ಯಾವುದೂ ಇಲ್ಲ, ಒಂದೊಂದು ಕಂಪನಿಯದ್ದು ಒಂದೊಂದು ಪದ್ಧತಿ. ಆದರೂ ಕೆಲವು ರೂಢಿಗಳು ಗಟ್ಟಿಯಾಗಿ ಕೂತಿವೆ.

ನೀಲಿ. ಎಲ್ಲಕ್ಕಿಂತ ನಂಬಬಹುದಾದ ಬಣ್ಣ ಇದು. ಟೊಯೋಟಾದ ಪ್ರಿಯಸ್, ಕ್ಯಾಮ್ರಿ ಹೈಬ್ರಿಡ್‌ಗಳಲ್ಲಿ ಲೋಗೊದ ಒಳಗೆ ನೀಲಿ ಛಾಯೆ ಇದೆ. ಹೈಬ್ರಿಡ್ ಅಂದರೆ ಇಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು. ಲೆಕ್ಸಸ್ ಹೈಬ್ರಿಡ್‌ಗಳದ್ದೂ ಅದೇ ಕಥೆ. ಹೋಂಡಾ 2022ರಲ್ಲಿ ಇಲ್ಲಿ ತಂದ ಸಿಟಿ ಇ:ಎಚ್ಇವಿಯಲ್ಲಿ 'ಎಚ್' ಗುರುತಿನ ಅಂಚು ನೀಲಿ. ಬಿಎಂಡಬ್ಲ್ಯುನ ಎಲೆಕ್ಟ್ರಿಕ್ ಕಾರುಗಳಲ್ಲಿ ಲೋಗೊದ ಸುತ್ತ ನೀಲಿ ಉಂಗುರ ಕಾಣುತ್ತದೆ. ಅಂದರೆ ನೀಲಿ ಹೇಳುವುದು 'ಇಲ್ಲಿ ಬ್ಯಾಟರಿ ಮತ್ತು ಮೋಟಾರಿನ ಕೆಲಸ ಇದೆ' ಎಂದು. ಹೈಬ್ರಿಡ್ಡೋ ಪೂರ್ತಿ ಎಲೆಕ್ಟ್ರಿಕ್ಕೋ ಎಂಬುದನ್ನು ಅಕ್ಷರ ನೋಡಿಯೇ ತಿಳಿಯಬೇಕು.

ಹೈಬ್ರಿಡ್ ಗುರುತಿನಿಂದ ದರ್ಜೆ ಗೊತ್ತಾಗುತ್ತದಾ? ಕೆಲವೊಮ್ಮೆ, ಅದೂ ಸುತ್ತು ದಾರಿಯಲ್ಲಿ. ಇನೋವಾ ಹೈಕ್ರಾಸ್‌ನಲ್ಲಿ 'ಜಿ', 'ಜಿಎಕ್ಸ್' ದರ್ಜೆಗಳು ಬರೀ ಪೆಟ್ರೋಲ್. ಹೈಬ್ರಿಡ್ ಶುರುವಾಗುವುದೇ 'ವಿಎಕ್ಸ್'ನಿಂದ. ಹಾಗಾಗಿ ಅಸಲಿ ಹೈಬ್ರಿಡ್ ಹೈಕ್ರಾಸ್ ಅಂದರೆ ಅದು ವಿಎಕ್ಸ್ ಅಥವಾ ಅದಕ್ಕಿಂತ ಮೇಲಿನದು. ಸಿಟಿ ಇ:ಎಚ್ಇವಿ ಮೊದಲು ಬಂದಾಗ 'ಝಡ್ಎಕ್ಸ್' ಒಂದರಲ್ಲೇ ಇತ್ತು, 2023ರಲ್ಲಿ ಕೆಳಗಿನ 'ವಿ' ದರ್ಜೆಯೂ ಸೇರಿತು. ನೀಲಿ ಅಂಚು ನೋಡಿ ಝಡ್ಎಕ್ಸ್ ಎಂದು ಹೇಳುವ ಕಾಲ ಅಲ್ಲಿಗೆ ಮುಗಿಯಿತು.

ಎಚ್ಚರ: 'ಸ್ಮಾರ್ಟ್ ಹೈಬ್ರಿಡ್' ಎಂದು ಬರೆದ ಮಾರುತಿಗಳನ್ನು ಈ ಸಾಲಿಗೆ ಸೇರಿಸಬೇಡಿ. ಅವು ಮೈಲ್ಡ್ ಹೈಬ್ರಿಡ್, ಅಂದರೆ ಇಂಜಿನ್‌ಗೆ ಸ್ವಲ್ಪ ಕೈಕೊಡುವ ಪುಟ್ಟ ಮೋಟಾರು ಅಷ್ಟೇ. ಬರೀ ಬ್ಯಾಟರಿಯಲ್ಲಿ ಕಾರು ಓಡುವುದಿಲ್ಲ. ಮಾರುವವರು 'ಹೈಬ್ರಿಡ್' ಅನ್ನುವ ಪದವನ್ನಷ್ಟೇ ಒತ್ತಿ ಹೇಳುತ್ತಾರೆ.

ಕೆಂಪು. ಗೊಂದಲದ ತವರುಮನೆ. ಕೆಂಪಿಗೆ ಕನಿಷ್ಠ ಮೂರು ಅರ್ಥಗಳಿವೆ.

ಮೊದಲನೆಯದು ಶಕ್ತಿ. ಫೋಕ್ಸ್‌ವ್ಯಾಗನ್ ಗುಂಪು ಯುರೋಪಿನಲ್ಲಿ 'ಟಿಡಿಐ' ಎಂಬ ಮೂರು ಅಕ್ಷರಗಳಿಗೆ ಬಣ್ಣ ಹಾಕಿ ಇಂಜಿನ್ನಿನ ತಾಕತ್ತು ಹೇಳುತ್ತಿತ್ತು. ಟಿಡಿಐ ಅಂದರೆ ಅವರ ಟರ್ಬೊ ಡೀಸೆಲ್. ನಾಲ್ಕನೇ ತಲೆಮಾರಿನ ಗಾಲ್ಫ್‌ನಲ್ಲಿ 90 ಅಶ್ವಶಕ್ತಿಯದ್ದಕ್ಕೆ ಮೂರೂ ಅಕ್ಷರ ಬೆಳ್ಳಿ ಬಣ್ಣ, 150 ಅಶ್ವಶಕ್ತಿಯದ್ದಕ್ಕೆ ಮೂರೂ ಕೆಂಪು, ನಡುವಿನವಕ್ಕೆ ಒಂದೋ ಎರಡೋ ಅಕ್ಷರ ಕೆಂಪು. ಕೆಂಪು ಹೆಚ್ಚಿದಷ್ಟೂ ದಮ್ಮು ಹೆಚ್ಚು. 'ಕೆಂಪು ಅಂದರೆ ದೊಡ್ಡ ಮಾಡೆಲ್' ಎಂಬ ನಂಬಿಕೆಯ ಒಂದು ಬೇರು ಇಲ್ಲಿದೆ. ಆದರೆ ಗಮನಿಸಿ, ಇದು ಇಂಜಿನ್ ಮಾತು. ಎಸಿ ಆಟೋಮ್ಯಾಟಿಕ್ಕೋ ಮ್ಯಾನುಯಲ್ಲೋ, ಸೀಟು ಬಟ್ಟೆಯದೋ ಚರ್ಮದ್ದೋ ಎಂಬುದರ ಬಗ್ಗೆ ಆ ಕೆಂಪು ಅಕ್ಷರಗಳದ್ದು ಚಕಾರವಿಲ್ಲ. ಈ ಸಂಕೇತ ಮಾಡೆಲ್‌ನಿಂದ ಮಾಡೆಲ್‌ಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು ಬೇರೆ. ಗಾಲ್ಫ್‌ನ ಲೆಕ್ಕವನ್ನು ತಂದು ಇಲ್ಲಿನ ಹಳೆಯ ಆಕ್ಟೇವಿಯಾಗೋ ಪೋಲೊಗೋ ಹಾಕಬೇಡಿ.

ಅದೇ ಮನೆಯ ಇನ್ನೊಂದು ಪದ್ಧತಿ ಇನ್ನೂ ಸ್ಪಷ್ಟ. 1976ರಿಂದ ಗಾಲ್ಫ್ ಜಿಟಿಐಗೆ ಕೆಂಪು ಗೆರೆ. ಆಮೇಲೆ ಬಂದ ಪ್ಲಗ್-ಇನ್ ಹೈಬ್ರಿಡ್ ಜಿಟಿಇಗೆ ನೀಲಿ, ಡೀಸೆಲ್ ಜಿಟಿಡಿಗೆ ಬೆಳ್ಳಿ. ಪ್ಲಗ್-ಇನ್ ಅಂದರೆ ವೈರು ಚುಚ್ಚಿ ಚಾರ್ಜ್ ಮಾಡುವಂಥದ್ದು. ಪೆಟ್ರೋಲು, ವಿದ್ಯುತ್ತು, ಡೀಸೆಲ್ಲು ಮೂರನ್ನೂ ಒಂದೊಂದು ಬಣ್ಣದಲ್ಲಿ ಹೇಳಿ ಮುಗಿಸಿದ್ದಾರೆ.

ಎರಡನೆಯ ಅರ್ಥ ವಂಶ. ಹೋಂಡಾದ ಕೆಂಪು 'ಎಚ್' ಲೋಗೊ ಟೈಪ್ ಆರ್ ಕಾರುಗಳಿಗೆ ಮೀಸಲು. 1992ರ ಎನ್ಎಸ್ಎಕ್ಸ್-ಆರ್‌ನಿಂದ ಈ ಹೆಸರು ಶುರು. ಸಿವಿಕ್ ಟೈಪ್ ಆರ್ ಅನ್ನು ಹೋಂಡಾ ಭಾರತದಲ್ಲಿ ಮಾರಿಲ್ಲ. ಹಾಗಾಗಿ ಇಲ್ಲಿನ ಸಿಟಿ, ಜಾಝ್, ಬ್ರಿಯೊ ಮೂತಿಯ ಮೇಲೆ ಕೆಂಪು ಎಚ್ ಕಂಡರೆ ಅದು ಮಾಲೀಕರ ಆಸೆ, ಕಂಪನಿಯ ದರ್ಜೆ ಅಲ್ಲ. ಅಮೆರಿಕದಲ್ಲಿರುವ ಓದುಗರಿಗೊಂದು ಮಾತು: ಟೆಸ್ಲಾ ಮಾಡೆಲ್ 3ರ ಹಿಂದೆ 'ಡ್ಯುಯಲ್ ಮೋಟಾರ್' ಎಂಬ ಬರಹದ ಕೆಳಗೆ ಕೆಂಪು ಗೆರೆ ಇದ್ದರೆ ಅದು ಪರ್ಫಾರ್ಮೆನ್ಸ್. ಆ ಗೆರೆಯೂ ಬಿಡಿಯಾಗಿ ಆನ್‌ಲೈನಿನಲ್ಲಿ ಸಿಗುತ್ತದೆ ಎಂಬುದು ನೆನಪಿರಲಿ.

ಮೂರನೆಯದು ಬರೀ ಶೋಕಿ. ನಮ್ಮ ರಸ್ತೆಗಳಲ್ಲಿ ಕಾಣುವ ಕೆಂಪಿನಲ್ಲಿ ದೊಡ್ಡ ಪಾಲು ಇದೇ. ಟಾಟಾ 2023ರಲ್ಲಿ ತಂದ ರೆಡ್ ಡಾರ್ಕ್‌ನಲ್ಲಿ ಫೆಂಡರ್‌ನ 'ಡಾರ್ಕ್' ಬರಹ ಕೆಂಪು. ಇಂಜಿನ್ನಿಗೆ ಅದರಿಂದ ಹೆಚ್ಚುವರಿ ತಾಕತ್ತೇನೂ ಬಂದಿಲ್ಲ. ಹ್ಯುಂಡೈ ಐ20 ಎನ್ ಲೈನ್ 2021ರಲ್ಲಿ ಬಂದಾಗ ಬ್ರೇಕ್ ಕ್ಯಾಲಿಪರ್ ಕೆಂಪು, ಒಳಗಿನ ಹೊಲಿಗೆ ಕೆಂಪು. ಆದರೆ ಟರ್ಬೊ ಇಂಜಿನ್ ಮಾಮೂಲಿ ಐ20ಯಲ್ಲಿ ಇದ್ದದ್ದೇ. ಸಸ್ಪೆನ್ಷನ್ನು, ಸೈಲೆನ್ಸರಿನ ಸದ್ದು ಬೇರೆ, ಅದು ನಿಜ. ಅದರಲ್ಲೂ ಎನ್6, ಎನ್8 ಎಂಬ ಎರಡು ದರ್ಜೆಗಳಿದ್ದವು. ಎನ್ ಲೈನ್ ಬ್ಯಾಡ್ಜ್ ಎರಡಕ್ಕೂ ಉಂಟು, ಬೆಲೆ ಮಾತ್ರ ಒಂದೇ ಅಲ್ಲ!

'ಲೈನ್' ಎಂಬ ಪದ ಎಲ್ಲೇ ಕಂಡರೂ ಒಮ್ಮೆ ನಿಂತು ನೋಡಿ. 2024ರ ವರ್ಟಸ್ ಜಿಟಿ ಲೈನ್‌ನಲ್ಲಿರುವುದು 115 ಪಿಎಸ್‌ನ 1 ಲೀಟರ್ ಇಂಜಿನ್. ಜಿಟಿ ಪ್ಲಸ್‌ನಲ್ಲಿರುವುದು 150 ಪಿಎಸ್‌ನ 1.5 ಲೀಟರ್. ಪಿಎಸ್ ಅಂದರೆ ಅಶ್ವಶಕ್ತಿಯದೇ ಇನ್ನೊಂದು ಅಳತೆ. ಹೆಸರಿನಲ್ಲಿ 'ಲೈನ್' ಬಂದರೆ ಬಟ್ಟೆ ಹೊಸದು, ಆಳು ಹಳಬ ಎಂದು ಮೊದಲು ಅನುಮಾನಿಸಿ, ಆಮೇಲೆ ಪರೀಕ್ಷಿಸಿ. ಬಿಎಂಡಬ್ಲ್ಯುನ ಎಂ ಸ್ಪೋರ್ಟ್‌ಗೂ ಇದೇ ಮಾತು. ನೀಲಿ-ನೇರಳೆ-ಕೆಂಪು ಪಟ್ಟಿಯ 'ಎಂ' ಫೆಂಡರ್ ಮೇಲೆ ಇದ್ದ ಮಾತ್ರಕ್ಕೆ 320ಡಿ ಹೋಗಿ ಎಂ3 ಆಗುವುದಿಲ್ಲ.

ಕಪ್ಪು. ಹತ್ತು ವರ್ಷದ ಹಿಂದೆ ಕ್ರೋಮ್ ಹೊಳೆದಷ್ಟೂ ದೊಡ್ಡ ಮಾಡೆಲ್ ಅನ್ನುತ್ತಿದ್ದೆವು, ಈಗ ಹೊಳಪು ತೆಗೆದಷ್ಟೂ ದುಡ್ಡು. ಟಾಟಾ ಹ್ಯಾರಿಯರ್ ಡಾರ್ಕ್ 2019ರಲ್ಲಿ ಬಂತು, ಸ್ಕೋಡಾ ಕುಶಾಕ್ ಮಾಂಟೆ ಕಾರ್ಲೊ 2022ರಲ್ಲಿ, ಕ್ರೆಟಾ ನೈಟ್ ಕೂಡ 2022ರಲ್ಲಿ. ಇಂಥ ಎಡಿಷನ್ನುಗಳನ್ನು ಕಂಪನಿಗಳು ಸಾಮಾನ್ಯವಾಗಿ ಮಧ್ಯದ ದರ್ಜೆಯಿಂದ ಮೇಲಕ್ಕೆ ಕೊಡುತ್ತವೆ, ತೀರಾ ಬೇಸ್‌ಗೆ ಕೊಡುವುದು ಕಡಿಮೆ. ಹಾಗಾಗಿ ಫ್ಯಾಕ್ಟರಿಯಿಂದಲೇ ಬಂದ ಕಪ್ಪು ಬ್ಯಾಡ್ಜು ತಕ್ಕಮಟ್ಟಿನ ಸುಳಿವು. ಇಂಜಿನ್ ಬಗ್ಗೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ಕುಶಾಕ್ ಮಾಂಟೆ ಕಾರ್ಲೊ 1 ಲೀಟರ್‌ನಲ್ಲೂ ಇತ್ತು, 1.5 ಲೀಟರ್‌ನಲ್ಲೂ ಇತ್ತು.

ಆದರೆ ನಕಲು ಮಾಡಲು ಕಪ್ಪಿನಷ್ಟು ಸುಲಭದ ಬಣ್ಣ ಇನ್ನೊಂದಿಲ್ಲ. ಒಂದು ಡಬ್ಬಿ ಸ್ಪ್ರೇ, ಅರ್ಧ ಗಂಟೆ.

ಉಳಿದ ಬಣ್ಣಗಳು ಬೇಗ ಮುಗಿಯುತ್ತವೆ. ಕ್ವಿಡ್ ಕ್ಲೈಂಬರ್‌ನ ಕಿತ್ತಳೆ ಆ ಕಾರಿನ ಮಟ್ಟಿಗೆ ಮೇಲಿನ ದರ್ಜೆಯ ಗುರುತೇ ಹೌದು. ಸುಬಾರು ಎಸ್‌ಟಿಐನ ಗುಲಾಬಿ ಅಕ್ಷರ ಹೊರದೇಶದಲ್ಲಿರುವವರಿಗೆ ಮಾತ್ರ ಉಪಯೋಗ. ಹಸಿರು ಹಿನ್ನೆಲೆಯ 'ಸಿಎನ್‌ಜಿ' ಸ್ಟಿಕ್ಕರ್ ಇಂಧನ ಹೇಳುತ್ತದೆ, ದರ್ಜೆಯನ್ನಲ್ಲ.

ಬ್ಯಾಡ್ಜಿನ ಬಣ್ಣದ ಸುತ್ತ ಕಥೆ ಹುಟ್ಟುವುದು ಹೊಸದೇನಲ್ಲ ಬಿಡಿ. ರೋಲ್ಸ್ ರಾಯ್ಸ್‌ನ ಜೋಡಿ 'ಆರ್' ಮೊದಲು ಕೆಂಪಗಿದ್ದು 1930ರ ದಶಕದ ಆರಂಭದಲ್ಲಿ ಕಪ್ಪಾಯಿತು. ಹೆನ್ರಿ ರಾಯ್ಸ್ 1933ರಲ್ಲಿ ತೀರಿಕೊಂಡರಲ್ಲ, ಆ ಶೋಕಕ್ಕೆ ಕಪ್ಪು ಮಾಡಿದರು ಎಂದು ಇವತ್ತಿಗೂ ಹೇಳುವವರಿದ್ದಾರೆ. ಗಿರಾಕಿಗಳು ಆರಿಸುವ ಮೈಬಣ್ಣಗಳ ಜೊತೆ ಕೆಂಪು ಹೊಂದುತ್ತಿರಲಿಲ್ಲ ಎಂಬುದು ನಂಬಲು ಹೆಚ್ಚು ಯೋಗ್ಯವಾದ ಕಾರಣ.

ಹಂತ 3: ಬಣ್ಣ ಬಿಟ್ಟು ಅಕ್ಷರ ಓದಿ

ದರ್ಜೆಯ ನಿಜವಾದ ಸುಳಿವು ಇರುವುದು ಅಕ್ಷರದಲ್ಲಿ. ಮಾರುತಿಯಲ್ಲಿ ಎಲ್ಎಕ್ಸ್ಐ, ವಿಎಕ್ಸ್ಐ, ಝಡ್ಎಕ್ಸ್ಐ ಎಂದು ಕೆಳಗಿನಿಂದ ಮೇಲಕ್ಕೆ; ಕೊನೆಯ 'ಐ' ಇಂಜೆಕ್ಷನ್, ಅಂದರೆ ಕಾರ್ಬ್ಯುರೇಟರ್ ಬದಲು ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದ ಕಾಲದ ನೆನಪು. ಎಕ್ಸ್ ಜಾಗದಲ್ಲಿ 'ಡಿ' ಬಂದರೆ ಡೀಸೆಲ್: ಎಲ್‌ಡಿಐ, ವಿಡಿಐ, ಝಡ್‌ಡಿಐ. ನೆಕ್ಸಾ ಶೋರೂಮಿನ ಕಾರುಗಳಲ್ಲಿ ಸಿಗ್ಮಾ, ಡೆಲ್ಟಾ, ಝೀಟಾ, ಆಲ್ಫಾ. ಇಲ್ಲಿ ಆಲ್ಫಾ ಎಲ್ಲಕ್ಕಿಂತ ಮೇಲೆ. ಗ್ರೀಕ್ ಅಕ್ಷರಮಾಲೆ ಕಲಿತವರು ತಲೆಕೆಡಿಸಿಕೊಳ್ಳಬೇಡಿ. ಟಾಟಾದ ಹಳೆಯ ಪದ್ಧತಿ ಎಕ್ಸ್‌ಇ, ಎಕ್ಸ್‌ಎಂ, ಎಕ್ಸ್‌ಟಿ, ಎಕ್ಸ್‌ಝಡ್. 2023ರಿಂದ ನೆಕ್ಸಾನ್‌ಗೆ ಸ್ಮಾರ್ಟ್, ಪ್ಯೂರ್, ಕ್ರಿಯೇಟಿವ್, ಫಿಯರ್‌ಲೆಸ್. ಕಿಯಾದಲ್ಲಿ ಎಚ್‌ಟಿಇ, ಎಚ್‌ಟಿಕೆ, ಎಚ್‌ಟಿಎಕ್ಸ್. ಹ್ಯುಂಡೈನಲ್ಲಿ ಕಂಸದೊಳಗಿನ 'ಒ' ಅಂದರೆ ಆಪ್ಷನಲ್, ಆ ದರ್ಜೆಗೆ ಇನ್ನಷ್ಟು ಸೇರಿಸಿದ್ದು.

ಅಕ್ಷರದಿಂದ ಸುಳ್ಳನ್ನೂ ಹಿಡಿಯಬಹುದು. ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹಿಂದೆ ವಿಡಿಐ ಎಂದಿರುವ ಸ್ವಿಫ್ಟನ್ನು '2021ರ ಮಾಡೆಲ್' ಎಂದು ಯಾರಾದರೂ ತೋರಿಸಿದರೆ ತಯಾರಾದ ವರ್ಷ ಸುಳ್ಳು, ಇಲ್ಲವೇ ಅಕ್ಷರ ಸುಳ್ಳು.

ಅಕ್ಷರವೇ ಇಲ್ಲದಿದ್ದರೆ ಗಾಬರಿ ಬೇಡ. ದರ್ಜೆಯನ್ನು ಮೈಮೇಲೆ ಬರೆಯದ ಕಾರುಗಳೂ ಬೇಕಾದಷ್ಟಿವೆ. ಬಿಎಂಡಬ್ಲ್ಯು ಅಂಥವರಲ್ಲಿ ಮಾಡೆಲ್ ಅಕ್ಷರ ಅಂಟಿಸದೇ ಕೊಡಿ ಎಂದು ಆರ್ಡರ್ ಮಾಡುವ ಅವಕಾಶವೇ ಇದೆ.

ಹಂತ 4: ಅಸಲಿಯಾ, ಆಮೇಲೆ ಅಂಟಿಸಿದ್ದಾ?

ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ. ಅಂಗಡಿ ಬಾಗಿಲಲ್ಲೇ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಬೇಕಾದ ಅಕ್ಷರ ತೂಗಾಡುತ್ತಿರುತ್ತವೆ, ಹಿಂದೆ ಡಬಲ್ ಟೇಪು ಸಮೇತ. ವಿಎಕ್ಸ್ಐ ಹೋಗಿ ಝಡ್ಎಕ್ಸ್ಐ ಆಗಲು ಚಹಾ ಕುಡಿಯುವಷ್ಟು ಹೊತ್ತು ಸಾಕು.

ಪರೀಕ್ಷೆ ಹೀಗೆ. ಒದ್ದೆ ಬಟ್ಟೆಯಿಂದ ಡಿಕ್ಕಿ ಬಾಗಿಲು ಒರೆಸಿ, ಒಣಗಲು ಬಿಡಿ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ, ತಗಡಿಗೆ ತಾಗುವ ಹಾಗೆ ಓರೆಯಾಗಿ ಬಿಡಿ. ವರ್ಷಗಟ್ಟಲೆ ಬಿಸಿಲು ಬಿದ್ದ ಬಣ್ಣಕ್ಕೂ ಅಕ್ಷರದಡಿ ಮುಚ್ಚಿಕೊಂಡಿದ್ದ ಬಣ್ಣಕ್ಕೂ ಛಾಯೆ ಬೇರೆಯಿರುತ್ತದೆ. ಗೆಳೆಯನೊಬ್ಬನ ಜೊತೆ ನೋಡಲು ಹೋದ ಕೆಂಪು ಸ್ವಿಫ್ಟ್‌ನಲ್ಲಿ ಹೊಳೆಯುವ 'ಝಡ್' ಹಿಂದಿನಿಂದ ಮಸುಕಾದ ಒಂದು 'ವಿ' ಇಣುಕುತ್ತಿತ್ತು. ಮಾರುವವರು ಅದನ್ನು ಪಾಲಿಶ್ ಗುರುತು ಅಂದರು. ನಾವು ನಕ್ಕು ಬಂದೆವು.

ಅಂಚುಗಳನ್ನೂ ನೋಡಿ. ಕಂಪನಿ ಅಂಟಿಸಿದ ಅಕ್ಷರಗಳ ಸಾಲು ನೇರ, ಅಂತರ ಸಮ. ಕೈಯಲ್ಲಿ ಅಂಟಿಸಿದ್ದು ಒಂದು ಕೂದಲೆಳೆಯಷ್ಟಾದರೂ ಓರೆ ಬಿದ್ದಿರುತ್ತದೆ. ಹತ್ತು ವರ್ಷದ ಕಾರಿನಲ್ಲಿ ಅಕ್ಷರದ ಸಂದಿಗಳಲ್ಲಿ ಮೇಣ, ಧೂಳು ಗಟ್ಟಿಯಾಗಿ ಕೂತಿರಬೇಕು. ತೀರಾ ಸ್ವಚ್ಛವಾಗಿದ್ದರೆ ಯಾಕೆ ಎಂದು ಕೇಳಿ. ಕಪ್ಪು ಲೋಗೊ ಆದರೆ ಒಳಮೂಲೆಗೆ ಉಗುರು ಹಾಕಿ ಮೆಲ್ಲಗೆ ಕೆರೆಯಿರಿ, ಮಾಲೀಕರ ಅನುಮತಿ ಕೇಳಿಯೇ. ಸ್ಪ್ರೇ ಹೊಡೆದದ್ದಾದರೆ ಕೆಳಗಿನ ಕ್ರೋಮ್ ಹೊಳೆಯುತ್ತದೆ.

ಬ್ಯಾಡ್ಜ್ ಹೊಸದಾದ ಮಾತ್ರಕ್ಕೆ ಮೋಸ ಎನ್ನಬೇಡಿ. ಹಿಂದಿನಿಂದ ಗುದ್ದಿಸಿಕೊಂಡು ಡಿಕ್ಕಿ ಬಾಗಿಲು ಬದಲಾಗಿದ್ದರೂ ಅಕ್ಷರ ಹೊಸದೇ ಇರುತ್ತದೆ. ಆಗ ಕೇಳಬೇಕಾದ್ದು ಅಪಘಾತದ ಕಥೆ.

ಹಂತ 5: ಬಿಚ್ಚಿ ಅಂಟಿಸಲಾಗದ್ದನ್ನು ನೋಡಿ

ಅಲಾಯ್ ವೀಲು, ಸ್ಟೀರಿಯೊ, ಸೀಟ್ ಕವರು, ಫಾಗ್ ಲ್ಯಾಂಪು ಹೊರಗಡೆ ಹಾಕಿಸಿಕೊಳ್ಳಬಹುದು. ಹಾಗಾಗಿ ಅವನ್ನು ಸಾಕ್ಷಿ ಅಂತ ಹಿಡಿಯಬೇಡಿ. ಬ್ರೋಷರ್ ಕೈಯಲ್ಲಿ ಹಿಡಿದು ಇವನ್ನು ಹುಡುಕಿ: ಹಿಂದಿನ ಗಾಜಿನಲ್ಲಿ ಡಿಫಾಗರ್ ತಂತಿಗಳು, ಅಂದರೆ ಮಂಜು ಕರಗಿಸುವ ಸಣ್ಣ ಗೆರೆಗಳು, ಹಿಂದಿನ ವೈಪರ್, ಚಾಲಕನ ಸೀಟು ಎತ್ತರಿಸುವ ಲಿವರ್, ಆಟೋ ಎಸಿಯ ಪ್ಯಾನೆಲ್, ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗ್ ಅಚ್ಚು.

ಬ್ರೇಕನ್ನೂ ಮರೆಯಬೇಡಿ. 2017ರಲ್ಲಿ ಬಂದ ಬಲೆನೊ ಆರ್‌ಎಸ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು, ಆ ಕಾಲದ ಮಾಮೂಲಿ ಬಲೆನೊದ ಹಿಂದೆ ಡ್ರಮ್. ಆರ್‌ಎಸ್ ಬ್ಯಾಡ್ಜ್ ಇದ್ದು ಹಿಂದಿನ ಚಕ್ರದ ಸಂದಿಯಲ್ಲಿ ಡ್ರಮ್ ಕಂಡರೆ ಮಾತು ಮುಗಿಯಿತು, ಬಾನೆಟ್ ಎತ್ತುವ ಅಗತ್ಯವೂ ಇಲ್ಲ.

ಒಂದು ತಪ್ಪು ಕಲ್ಪನೆ: ಏರ್‌ಬ್ಯಾಗ್ ಜಾಸ್ತಿ ಇದ್ದರೆ ಟಾಪ್ ಎಂಡ್. ಹಳೆಯ ಕಾರುಗಳಿಗೆ ಇದು ಹೊಂದಬಹುದು, ಹೊಸವಕ್ಕಲ್ಲ. 2024ರ ಸ್ವಿಫ್ಟ್‌ನಲ್ಲಿ ಬೇಸ್ ಎಲ್ಎಕ್ಸ್ಐಗೂ 6 ಏರ್‌ಬ್ಯಾಗ್.

ಹಂತ 6: ಕಾಗದ

ಕೊನೆಯ ಮಾತು ಕಾಗದದ್ದು. ಆರ್‌ಸಿಯಲ್ಲಿ ಮಾಡೆಲ್ ಎಂಬ ಕಡೆ ಅನೇಕ ಸಲ ದರ್ಜೆಯ ಅಕ್ಷರವೂ ಮುದ್ರಣವಾಗಿರುತ್ತದೆ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಹೋಲಿಸಿ. ವಿಮೆ ಪಾಲಿಸಿಯಲ್ಲಿ ವೇರಿಯಂಟ್ ಬರೆದಿರುತ್ತಾರೆ, ಯಾಕೆಂದರೆ ಐಡಿವಿ ಲೆಕ್ಕ ಹಾಕುವುದೇ ಅದರ ಮೇಲೆ. ಐಡಿವಿ ಅಂದರೆ ಕಾರು ಪೂರ್ತಿ ಹೋದರೆ ವಿಮೆಯವರು ಕೊಡಲು ಒಪ್ಪಿದ ಮೊತ್ತ. ಆರ್‌ಸಿಯಲ್ಲಿ ವಿಎಕ್ಸ್ಐ ಇದ್ದು ಕಾರಿನ ಹಿಂದೆ ಝಡ್ಎಕ್ಸ್ಐ ಇದ್ದರೆ ವಿಎಕ್ಸ್ಐ ಬೆಲೆಗೇ ಚೌಕಾಸಿ ಮಾಡಿ. ನಾಳೆ ನೀವು ಮಾರುವಾಗಲೂ ಸಿಗುವುದು ಅದೇ ಬೆಲೆ.

ಇನ್ನೂ ಅನುಮಾನ ಉಳಿದರೆ ಚಾಸಿ ನಂಬರ್ ಬರೆದುಕೊಳ್ಳಿ. 17 ಅಕ್ಷರ-ಅಂಕಿಗಳ ಸಾಲು ಅದು. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದೆಂದು ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದರೆ ಕಂಪ್ಯೂಟರಿನಲ್ಲಿ ಹಾಕಿ ವೇರಿಯಂಟ್ ಹೇಳುತ್ತಾರೆ, ಸರ್ವಿಸ್ ಇತಿಹಾಸವೂ ಸಿಗುತ್ತದೆ. ಬ್ರೋಕರ್ 'ಅದೆಲ್ಲ ಯಾಕೆ ಸಾರ್' ಅಂದರೆ ತಪ್ಪದೇ ಹೋಗಿ.

ನಂಬಬಹುದಾದ ಬಣ್ಣವೊಂದು ಮುಂದಿನ ಗಾಜಿನಲ್ಲೂ ಇರುತ್ತದೆ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಜೊತೆ ಒಳಗಡೆ ಅಂಟಿಸುವ ಹಾಲೊಗ್ರಾಂ ಸ್ಟಿಕ್ಕರ್: ತಿಳಿನೀಲಿ ಆದರೆ ಪೆಟ್ರೋಲ್ ಅಥವಾ ಸಿಎನ್‌ಜಿ, ಕಿತ್ತಳೆ ಆದರೆ ಡೀಸೆಲ್. ಮೇಲ್ಭಾಗದಲ್ಲಿ ಹಸಿರು ಪಟ್ಟಿ ಇದ್ದರೆ ಬಿಎಸ್6, ಅಂದರೆ ಈಗಿನ ಹೊಗೆ ನಿಯಮಕ್ಕೆ ತಕ್ಕ ಇಂಜಿನ್. ಇದೂ ದರ್ಜೆ ಹೇಳುವುದಿಲ್ಲ, ಆದರೆ ಹಿಂದಿನ ಅಕ್ಷರ ಡೀಸೆಲ್ ಎಂದು, ಗಾಜಿನ ಬಣ್ಣ ಪೆಟ್ರೋಲ್ ಎಂದು ಹೇಳಿದರೆ ಗಾಜನ್ನೇ ನಂಬಿ.

ಕೊಂಡಾದ ಮೇಲೆ: ಸುಳ್ಳು ಅಕ್ಷರ ತೆಗೆಯುವುದು

ಕಾರು ಇಷ್ಟವಾಯಿತು, ಬೆಲೆಯೂ ಸರಿಹೋಯಿತು, ಆದರೆ ಹಿಂದಿನವರು ಅಂಟಿಸಿದ ಕೆಂಪು ಅಕ್ಷರ ಬೇಡ ಎಂದರೆ ಚಾಕು, ಸ್ಕ್ರೂಡ್ರೈವರ್ ಮುಟ್ಟಬೇಡಿ. ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಮಾಡಿ, ಕೈ ತಡೆಯುವಷ್ಟು ಬಿಸಿ ಸಾಕು. ಅಕ್ಷರದ ಹಿಂದೆ ಗಾಳದ ನೈಲಾನ್ ದಾರ ತೂರಿಸಿ ಗರಗಸದಂತೆ ಎಡಕ್ಕೂ ಬಲಕ್ಕೂ ಎಳೆದರೆ ಟೇಪು ಕತ್ತರಿಸುತ್ತದೆ. ಉಳಿದ ಅಂಟಿಗೆ ಬಟ್ಟೆಯಲ್ಲಿ ಒಂದಿಷ್ಟು ನೀಲಗಿರಿ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಿರಿ. ಮೂಲೆಯಲ್ಲೆಲ್ಲಾದರೂ ಒಮ್ಮೆ ಹಚ್ಚಿ ನೋಡಿಕೊಂಡು ಮುಂದುವರಿಯುವುದು ಒಳ್ಳೆಯದು, ಮರುಬಣ್ಣ ಹೊಡೆದ ಕಾರಾದರೆ ಎಣ್ಣೆಗೆ ಬಣ್ಣವೂ ಏಳಬಹುದು.

ತೊಳೆದ ಮೇಲೆ ಟಾರ್ಚನ್ನು ಇನ್ನೊಮ್ಮೆ ಓರೆಯಾಗಿ ಹಿಡಿದು ನೋಡಿ. ಅಡಿಯಲ್ಲಿ ಇನ್ನೊಂದು ಅಕ್ಷರದ ನೆರಳು ಕಂಡರೆ ಅದರ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಪಾಲಿಶ್ ಹಚ್ಚಿ.